ಜೋಡಿ ಹಗ್ಗದ ನಡುವೆ ಸ್ಪ್ರಿಂಗಣ್ಣ

ನಮ್ಮ ಬೀಗದ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವನನ್ನು ಎಲ್ಲರೂ ಸ್ಪ್ರಿಂಗಣ್ಣ ಎಂದೇ ಕರೆಯುವುದು. ಆ ಹೆಸರು ಇಟ್ಟುಕೊಂಡವನೂ ಅವನೇ. ಊಟದ ಬಿಡುವಿನಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು, ಜೋಡಿ ಹಗ್ಗದ ಜಿಗಿತದಲ್ಲಿ ತನ್ನನ್ನು ಮೀರಿಸುವವರೇ ಇಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದ. ಅವನು ಜಿಗಿದದ್ದನ್ನು ನಾವ್ಯಾರೂ ನೋಡಿರಲಿಲ್ಲ. ಹೊಟ್ಟೆಯನ್ನು ಮಾತ್ರ ದಿನಾ ನೋಡುತ್ತಿದ್ದೆವು.

ಈ ಸಲದ ಕಾರ್ಖಾನೆಯ ಆಟೋಟದಲ್ಲಿ ಕೆಲಸಗಾರರ ಮನೆಮಂದಿಗೆಲ್ಲ ಜೋಡಿ ಹಗ್ಗದ ಸ್ಪರ್ಧೆ ಇಟ್ಟುಬಿಟ್ಟರು. ಗೆಲ್ಲದಿದ್ದರೆ ಇವನು ಮುಖ ತೋರಿಸುವಂತಿರಲಿಲ್ಲ. ಮನೆಯಲ್ಲಿದ್ದವರು ಅಮ್ಮ ಮತ್ತು ಹೆಂಡತಿ, ಅತ್ತೆ ಸೊಸೆಯದು ಎಣ್ಣೆ ಸೀಗೆಕಾಯಿ ಸಂಬಂಧ. ಅಭ್ಯಾಸಕ್ಕೆಂದು ಇಬ್ಬರ ಕೈಗೂ ಹಗ್ಗದ ತುದಿಗಳನ್ನು ಕೊಟ್ಟು ತಾನು ನಡುವೆ ನಿಂತ.

ಒಂದು ಹಗ್ಗ ಮೇಲೇರುವಾಗ ಇನ್ನೊಂದು ನೆಲ ಮುಟ್ಟಬೇಕು, ತಿರುಗಿಸುವವರಿಬ್ಬರ ಕೈ ಒಂದೇ ಲಯದಲ್ಲಿ ಓಡಬೇಕು. ಆಟ ಇಷ್ಟೇ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಮಗ ಏದುಸಿರು ಬಿಟ್ಟ ಕೂಡಲೇ ಅಮ್ಮನ ಕರುಳು ಚುರ್ ಎನ್ನುತ್ತಿತ್ತು, ಕೈ ನಿಧಾನವಾಗುತ್ತಿತ್ತು. ಹಗ್ಗಗಳು ಒಂದಕ್ಕೊಂದು ಸುತ್ತಿಕೊಂಡು ಮಗ ದೊಪ್ಪನೆ ಬೀಳುತ್ತಿದ್ದ.

“ನಿನ್ನಿಂದಾನೇ ಬಿದ್ದಿದ್ದು! ಅಷ್ಟು ಜೋರಾಗಿ ಯಾಕೆ ತಿರುಗಿಸ್ತೀಯ?” ಎಂದು ಹೆಂಡತಿಯ ಮೇಲೆ ಹರಿಹಾಯುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ನೆಲದ ಬದಲು ಹೆಂಡತಿ ಸಿಕ್ಕಿದ್ದಳು.

ಸ್ಪರ್ಧೆಯಲ್ಲಿ ಪ್ರತಿ ಮನೆಗೂ ಎರಡು ಅವಕಾಶ. ಮೊದಲನೆಯದರಲ್ಲೇ ಇವನು ಇಡೀ ಕಾರ್ಖಾನೆಯ ಮುಂದೆ ಮಂಡಿಯೂರಿ ಬಿದ್ದ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹಗ್ಗದ ತುದಿಗಳನ್ನು ಅವನ ಕೈಗೆ ತುರುಕಿದಳು.

“ನೀವು ಹಿಡ್ಕೊಳ್ಳಿ. ಅತ್ತೆ ಹೇಗೆ ತಿರುಗಿಸ್ತಾರೋ ಹಾಗೇ ತಿರುಗಿಸಿ, ಸಾಕು.”

ಚಪ್ಪಲಿ ಬಿಟ್ಟು ಒಳಗೆ ಹಾರಿದಳು. ಸೊಸೆಗೆ ಸುಸ್ತಾದರೆ ಅತ್ತೆಗೇನು? ಹಲ್ಲು ಕಚ್ಚಿ, ಬಟ್ಟೆ ಒಗೆಯುವ ರಭಸದಲ್ಲಿ ತಿರುಗಿಸಿದರು. ಲಯ ಒಂದು ಚೂರೂ ತಪ್ಪಲಿಲ್ಲ, ಸೊಸೆಯ ಕಾಲಿಗೆ ಹಗ್ಗ ತಾಗಲಿಲ್ಲ. ಮೊದಲ ಬಹುಮಾನ ಗೋಡೆ ಗಡಿಯಾರ ಅವರ ಪಾಲಾಯಿತು. ಕೇಕೆ ಹಾಕಿ ಹಾಕಿ ನನ್ನ ಗಂಟಲು ಕಟ್ಟಿತು.

ಗಡಿಯಾರ ಹೊತ್ತುಕೊಂಡು ನಾನೂ ಅವರ ಮನೆತನಕ ಹೋದೆ. ದಾರಿಯುದ್ದಕ್ಕೂ ಸ್ಪ್ರಿಂಗಣ್ಣ, ಕಲೆಯೆಲ್ಲ ತಿರುಗಿಸುವುದರಲ್ಲೇ ಇರುವುದು ಎಂದು ನನಗೆ ಪಾಠ ಹೇಳಿದ.

“ಒಂದ್ಸಲನಾದ್ರೂ ಕೈ ನಿಧಾನ ಮಾಡ್ಲಿಲ್ವಲ್ಲ ಅತ್ತೆ,” ಎಂದಳು ಸೊಸೆ, ಬಾಗಿಲು ತೆರೆಯುತ್ತ.

“ನಿನಗೋಸ್ಕರ ನಾನ್ಯಾಕೆ ಮಾಡ್ಲಿ?”

“ಅದಕ್ಕೇ ನಾನು ಬೀಳಲಿಲ್ಲ.”

ಅಷ್ಟರಲ್ಲಿ ಮಗ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, “ಅಮ್ಮಾ, ಮಂಡಿ ನೋಯ್ತಿದೆ” ಎಂದ. ಅತ್ತೆ ಎಣ್ಣೆ ಬಿಸಿ ಮಾಡಲು ಒಳಗೆ ಓಡಿದರು.