ಜಾರುವ ಕಾರಿನ ಹಳದಿ ದೀಪ

ಬಹಳ ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ, ತಪ್ಪು ಒಪ್ಪಿಸುವ ಚಟ. ಭಾಂಡುಪಿನ ಕನ್ನಡ ಶಾಲೆಯಲ್ಲಿ ಕಿಟಕಿ ಒಡೆಯಲಿ, ಯಾರದೋ ಕಂಪಾಸು ಕಳೆಯಲಿ, ನಾನು ಸುಮ್ಮನೆ ದುರುಗುಟ್ಟಿ ನೋಡುತ್ತಾ ನಿಲ್ಲುತ್ತೇನೆ. ಸ್ವಲ್ಪ ಹೊತ್ತಿಗೆ ಒಬ್ಬ ಎದ್ದು ನಿಲ್ಲುತ್ತಾನೆ. ಎದ್ದು ನಿಂತವನೇ ತಪ್ಪಿತಸ್ಥ ಎಂದು ನಂಬಿ ಇಷ್ಟು ಕಾಲ ಸುಖವಾಗಿದ್ದೆ.

ಈ ಸಲದ ಆಯುಧಪೂಜೆಯ ದಿನ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಕಾರಿಗೆ ಪೂಜೆ ಮಾಡಿದೆ. ಧಾರವಾಡದ ತವರಿನಲ್ಲಿ ಸೈಕಲ್ಲಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ಹೂವೇರಿಸಿ ಬೆಳೆದವಳು ನಾನು. ಬಾನೆಟ್ಟಿಗೆ ಒಂದು ಮಾಲೆ ಹಾಕಿ ಕೈಮುಗಿದರೆ ನನಗೆ ಸಮಾಧಾನವಿಲ್ಲ. ಗಾಲಿ ಗಾಲಿಗೂ ಚೆಂಡುಹೂವಿನ ಮಾಲೆ ಕಟ್ಟಿದೆ. ದಾರವಾದರೆ ಹರಿದೀತೆಂದು ತೆಳ್ಳನೆಯ ತಂತಿಯಿಂದ ಬಿಗಿದೆ. ಹೊಸದಾಗಿ ಲೈಸೆನ್ಸ್ ಪಡೆದಿದ್ದ ಮಗ ಸಂಜೆ ಅದೇ ಕಾರಿನಲ್ಲಿ ಗೆಳೆಯನನ್ನು ಪವಾಯಿಗೆ ಬಿಟ್ಟು ಬಂದ. ಅವನು ಒಬ್ಬನೇ ಕಾರು ತೆಗೆದದ್ದು ಅದೇ ಮೊದಲು.

ಮರುದಿನ ವಿಜಯದಶಮಿ. ಬನ್ನಿ ಕೊಡಲು ಸಾಂತಾಕ್ರೂಜಿನಲ್ಲಿರುವ ಅಕ್ಕನ ಮನೆಗೆ ನಾನೂ ಮಗನೂ ಹೊರಟೆವು. ಓಡಿಸುತ್ತಿದ್ದವಳು ನಾನು. ಗೇಟು ದಾಟುವಷ್ಟರಲ್ಲಿ ಸ್ಟೇರಿಂಗಿನ ಮುಂದೆ ಹಳದಿ ದೀಪಗಳು ಹತ್ತಿಕೊಂಡವು, ಆರಲೇ ಇಲ್ಲ. ಒಂದರ ಮೇಲೆ ಎಂಥದೋ ಇಂಗ್ಲಿಷ್ ಅಕ್ಷರಗಳಿದ್ದವು, ಅರ್ಥವಾಗಲಿಲ್ಲ. ಇನ್ನೊಂದರಲ್ಲಿ ಚಿತ್ರವಿತ್ತು. ಪುಟ್ಟ ಕಾರು, ಅದರ ಹಿಂದೆ ಹಾವು ಹರಿದಂತೆ ಸೊಟ್ಟಸೊಟ್ಟ ಗೆರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಕಾರು ಎಲ್ಲೋ ಜಾರಿದೆ, ಜಾರಿದ್ದನ್ನು ತಾನೇ ಬರೆದು ತೋರಿಸುತ್ತಿದೆ ಎಂದುಕೊಂಡೆ.

"ನಿನ್ನೆ ಗಾಡಿ ಎಲ್ಲಿ ಜಾರಿಸಿದಿ?" ಎಂದೆ.

"ಮಮ್ಮಿ, ಸಚ್ಚಿ ಹೇಳ್ತೀನಿ, ಏನ್ ಬೀ ಆಗಿಲ್ಲ."

"ನಿನ್ನೆ ಈ ಲೈಟು ಹತ್ತಿತ್ತೋ ಇಲ್ಲೋ?"

"ಧ್ಯಾನ್ ಇರ್ಲಿಲ್ಲ. ರೋಡ್ ನೋಡ್ತಿದ್ದೆ."

ದಾರಿಯಲ್ಲಿ ಪೆಟ್ರೋಲಿಗೆ ನಿಲ್ಲಿಸಿದಾಗ ಅವನು ಇಳಿದು ಬಗ್ಗಿ ಗಾಲಿಗಳನ್ನು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನಗೆ ಹಾಗೆಯೇ ಕಂಡಿತು. ಮುಂದಿನ ಎಡಗಾಲಿಯ ಮಾಲೆ ಇರಲಿಲ್ಲ. "ನೋಡು, ಮಾಲಿನೂ ಕಿತ್ತು ಹೋಗೇದ. ಇನ್ನೂ ಸುಳ್ಳು ಹೇಳ್ತೀ?" ಎಂದೆ. ಅವನು ಒಳಗೆ ಬಂದು ಬೆಲ್ಟು ಹಾಕಿಕೊಂಡ.

ನಮ್ಮ ಕಡೆ ಬನ್ನಿ ಕೊಡುವುದೆಂದರೆ ಎಲೆ ಹಂಚುವುದಷ್ಟೇ ಅಲ್ಲ. ಕಿರಿಯರು ಹಿರಿಯರ ಕೈಗೆ ಎಲೆ ಇಟ್ಟು ಕಾಲು ಮುಟ್ಟಬೇಕು, ಬನ್ನಿ ತಗೊಂಡು ಬಂಗಾರದಂಗ ಇರೋಣ ಅನ್ನಬೇಕು. ವರ್ಷದ ಜಗಳ ಅಲ್ಲಿಗೆ ಮುಗಿಯಬೇಕು. ವೈರಿ ಬಂದು ಎಲೆ ನೀಡಿದರೂ ಬೇಡ ಅನ್ನುವಂತಿಲ್ಲ.

ಅಕ್ಕನ ಮನೆಯ ಹಾಲ್ ತುಂಬ ಜನ. ಮಗ ಎಲ್ಲರಿಗೂ ಕೊಟ್ಟು ಕೊನೆಗೆ ನನ್ನೆದುರು ಬಂದ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ಮೊದಲ ಖರೆ ಹೇಳು. ಬನ್ನಿ ಆಮ್ಯಾಲೆ."

ಒಂದಿಬ್ಬರು ನಕ್ಕರು. "ಹಬ್ಬದ ದಿವಸ ಯಾಕ ಬೇ, ಬಿಡು," ಎಂದಳು ಅಕ್ಕ. ನಾನು ಬಿಡಲಿಲ್ಲ. ಶಾಲೆಯಲ್ಲಿ ನೋಡುವಂತೆ ನೋಡುತ್ತಾ ನಿಂತೆ. ನನಗಿಂತ ಎತ್ತರದ ಹುಡುಗ, ಎಲೆ ಹಿಡಿದ ಕೈ ಚಾಚಿಕೊಂಡೇ ಇದ್ದ. ಆಮೇಲೆ ನೆಲ ನೋಡುತ್ತಾ, "ಹಾಂ ಮಮ್ಮಿ. ಸ್ಕಿಡ್ ಆಗಿರ್ಬೇಕು. ಸಾರಿ," ಎಂದ.

ಆಗ ಎಲೆ ತೆಗೆದುಕೊಂಡೆ. ತಲೆಯ ಮೇಲೆ ಕೈಯಿಟ್ಟೆ. ಒಪ್ಪಿಕೊಂಡರೆ ಮನಸ್ಸು ಎಷ್ಟು ಹಗುರವಾಗುತ್ತದೆ ನೋಡು ಎಂದು ನಾಲ್ಕು ಮಾತು ಬೇರೆ ಹೇಳಿದೆ. ಅವತ್ತಿನ ಹೋಳಿಗೆ ನನಗೆ ಬಹಳ ರುಚಿಯಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆಮೇಲೆ ಅವನು ಕಾರಿನ ಕೀಲಿ ಕೇಳಲಿಲ್ಲ. ನಾನೇ ಕರೆದರೂ "ಆಟೋದಾಗ ಹೋಗ್ತೀನಿ" ಎಂದು ಜಾರಿಕೊಳ್ಳುತ್ತಿದ್ದ. ಸಿಟ್ಟಿರಬೇಕು, ಇಳಿಯುತ್ತದೆ ಎಂದುಕೊಂಡೆ. ಹಳದಿ ದೀಪವೂ ಹಾಗೆಯೇ, ಜಾರಿದ ನೆನಪು ಮಾಸಿದ ಮೇಲೆ ತಾನೇ ಆರುತ್ತದೆಂದು ನಂಬಿ ಕಾರು ಓಡಿಸುತ್ತಿದ್ದೆ. ಇಂಥ ನಂಬಿಕೆ ನನ್ನಂಥ ಜಾಣೆಗೆ ಮಾತ್ರ ಬರಲು ಸಾಧ್ಯ.

ದೀಪಾವಳಿಗೆ ಮುಂಚೆ ಒಂದು ಭಾನುವಾರ ಬಕೆಟ್ಟು ಹಿಡಿದು ಕಾರು ತೊಳೆಯಲು ಇಳಿದೆ. ಒಣಗಿದ ಮಾಲೆಗಳನ್ನು ಕಿತ್ತುಹಾಕುತ್ತಾ ಮುಂದಿನ ಎಡಗಾಲಿಗೆ ಬಂದೆ. ಒಳಗಡೆ ಏನೋ ಮಿನುಗಿದಂತಾಯಿತು. ಬಗ್ಗಿ ಮೊಬೈಲಿನ ಬೆಳಕು ಬಿಟ್ಟೆ. ಮಾಲೆ ಎಲ್ಲೂ ಕಿತ್ತು ಹೋಗಿರಲಿಲ್ಲ. ನಾನು ಬಿಗಿದ ತಂತಿ ಗಾಲಿಯ ಜೊತೆಗೇ ತಿರುಗಿ ಒಳಗೆ ಸುತ್ತಿಕೊಂಡಿತ್ತು, ಹೂವಿನ ಚೂರುಗಳು ಇನ್ನೂ ಅಂಟಿದ್ದವು. ಅಲ್ಲೇ ಗಾಲಿಯತ್ತ ಹೋಗುವ ಕಪ್ಪು ವೈರೊಂದು ಅದಕ್ಕೆ ಸಿಕ್ಕು ತುಂಡಾಗಿ ಜೋತಾಡುತ್ತಿತ್ತು.

ಓದಿ ಓದಿ ಎಂದು ಊರ ಮಕ್ಕಳಿಗೆಲ್ಲ ಹೇಳುವವಳು, ಕಾರಿನ ಜೊತೆ ಬಂದ ಪುಸ್ತಕವನ್ನು ಅವತ್ತು ಮೊದಲ ಬಾರಿ ಬಿಡಿಸಿದೆ. ಆ ದೀಪ ಹಿಂದೆ ಜಾರಿದ್ದನ್ನು ಹೇಳುವುದಲ್ಲ. ಕಾರು ಜಾರದಂತೆ ಹಿಡಿಯುವ ವ್ಯವಸ್ಥೆ ಈಗ ಕೆಲಸ ಮಾಡುತ್ತಿಲ್ಲ, ಗಾಲಿಯ ವೇಗ ಅದಕ್ಕೆ ತಿಳಿಯುತ್ತಿಲ್ಲ ಎಂದು ಹೇಳುವುದು. ಬಕೆಟ್ಟಿನ ನೀರು ಚೆಲ್ಲಿ ಕಾರಿಗೆ ಬೀಗ ಹಾಕಿದೆ.

ಮೊದಲು ಅಕ್ಕನಿಗೆ ಫೋನು ಮಾಡಿದೆ. ಮಗನಿಗೆ ಹೇಳುವುದಕ್ಕಿಂತ ಅದು ಸುಲಭ. ಅವಳು ಕೇಳಿದ್ದು ಒಂದೇ ಮಾತು, "ಮತ್ತ ಅಂವಾ ಹೌದಂತ ಯಾಕ ಅಂದ?"

ಯಾಕೆ ಅಂದರೆ ನಾನು ಎಲೆ ತೆಗೆದುಕೊಳ್ಳಲಿಲ್ಲ. ಹಬ್ಬದ ದಿನ, ಅಷ್ಟು ಜನರೆದುರು, ನನ್ನ ಕಾಟ ತಪ್ಪಲೆಂದು ಒಂದು ಸುಳ್ಳು ಹೇಳಿದ. ಹಾಗೆಂದುಕೊಂಡೇ ಮೇಲೆ ಹೋದೆ.

ಅವನು ಮಂಚದ ಮೇಲೆ ಮೊಬೈಲು ನೋಡುತ್ತಾ ಬಿದ್ದಿದ್ದ. ಎಲ್ಲ ಹೇಳಿದೆ. ನಂದs ತಪ್ಪು ಎಂದೆ. ಅವನು ಬೈಯಲಿ ಎಂದು ಕಾದೆ, ಬೈದರೆ ಚೆನ್ನಾಗಿತ್ತು. ಅವನು ಎದ್ದು ಕೂತ.

"ಅಂದ್ರ ನಾ ಖರೇನ ಸ್ಕಿಡ್ ಮಾಡಿದ್ದಿಲ್ಲಾ?"

"ಇಲ್ಲೋ."

"ಪಕ್ಕಾ?" ಅವನ ದನಿ ಚಿಕ್ಕದಾಗಿತ್ತು. "ನಾ ಸೋಚ್ ಮಾಡ್ತಿದ್ದೆ, ಪವಾಯಿ ಲೇಕ್ ಕಡೆ ಟರ್ನಿಂಗ್‌ನಾಗ ಆಗಿರ್ಬೇಕು, ನಂಗs ಗೊತ್ತಾಗಿಲ್ಲ ಅಂತ. ಯಾರಿಗಾದ್ರೂ ಪೆಟ್ಟು ಲಗ್ ಜಾತಾ ತೋ? ಅದಕ್ಕs ಗಾಡಿ ಮುಟ್ಟಲಿಲ್ಲ."

ಅವನು ಅವತ್ತು ಸುಳ್ಳು ಹೇಳಿರಲಿಲ್ಲ. ತನ್ನ ಕಣ್ಣು, ತನ್ನ ಕೈಕಾಲು ಹೇಳಿದ್ದನ್ನು ಬಿಟ್ಟು ತಾಯಿ ಹೇಳಿದ್ದನ್ನು ನಂಬಿದ್ದ. ವೈರು ಹೊಸದಾಗಿದೆ, ದೀಪ ಆರಿದೆ. ಕೀಲಿಯನ್ನು ಅವನ ಮೇಜಿನ ಮೇಲೇ ಇಟ್ಟಿದ್ದೇನೆ. ಅವನು ಇನ್ನೂ ಅದನ್ನು ಎತ್ತಿಕೊಂಡಿಲ್ಲ.