ಮಂಗಳವಾರದ ರಾಚಮ್ಮ

ಸಣ್ಣಯ್ಯನನ್ನು ಮಣ್ಣು ಮಾಡಿದ ದಿನ ಅವನ ಹೆಂಡತಿ ಮುನಿಲಕ್ಷ್ಮಿ ಅಳಲಿಲ್ಲ. ದಾರಿ ನೋಡುತ್ತ ಕೂತಿದ್ದಳು. ಪೆನ್ನಾಗರಂ ಕಡೆಯ ಬಸ್ಸು ಹುಣಸೆಮರದ ಹತ್ತಿರ ನಿಂತಾಗಲೆಲ್ಲ ಕತ್ತೆತ್ತಿದಳು. ಕಪ್ಪು ಬಟ್ಟೆ ಉಟ್ಟ ಹೆಂಗಸು ಯಾರಾದರೂ ಇಳಿಯುತ್ತಾಳಾ ಎಂದು ನೋಡಿದಳು. ಸುತ್ತ ಕೂತ ಹೆಂಗಸರು, ಪಾಪ, ಇವಳಿಗೆ ದಿಕ್ಕು ತೋಚುತ್ತಿಲ್ಲ ಅಂದುಕೊಂಡರು. ಅವಳಿಗೆ ದಿಕ್ಕು ಚೆನ್ನಾಗಿಯೇ ತೋಚುತ್ತಿತ್ತು. ಅವಳು ರಾಚಮ್ಮನಿಗೆ ಕಾಯುತ್ತಿದ್ದಳು. ಬಂದರೆ ಎಲ್ಲರ ಮುಂದೆ ಕೇಳಬೇಕಾದ ಮಾತು ನಾಲ್ಕಿದ್ದವು.

ರಾಚಮ್ಮ ಬರಲಿಲ್ಲ. ಅದರಿಂದ ಅನುಮಾನ ಇನ್ನೂ ಗಟ್ಟಿಯಾಯಿತು. ಮನಸ್ಸಿನಲ್ಲಿ ಕಳ್ಳತನ ಇಲ್ಲದವಳಾದರೆ ಬಂದು ಒಂದು ಹಿಡಿ ಮಣ್ಣು ಹಾಕಿ ಹೋಗುತ್ತಿದ್ದಳು.

ಸಣ್ಣಯ್ಯ ಕುರಿ ಕಾಯುವವನು. ಮನೆಮಾತು ಕನ್ನಡ, ಆದರೆ ತಮಿಳಿನಲ್ಲಿ ಎಂಟನೇ ಕ್ಲಾಸಿನ ತನಕ ಓದಿದ್ದ. ಎದೆಗೆ ಕಾಯಿಲೆ ಬಂದ ಮೇಲೆ ಒಂದೂವರೆ ವರ್ಷ, ಪ್ರತಿ ಮಂಗಳವಾರ, ಬಸ್ಸು ಹತ್ತಿ ಧರ್ಮಪುರಿಯ ಮಿಷನ್ ಆಸ್ಪತ್ರೆಗೆ ಹೋಗಿ ಮಾತ್ರೆ ತರುತ್ತಿದ್ದ. ಸಾಯಂಕಾಲ ಮಂದೆ ದೊಡ್ಡಿಗೆ ಬರುವ ಹೊತ್ತಿಗೆ ಅವನೂ ಬರುತ್ತಿದ್ದ. ಮುನಿಲಕ್ಷ್ಮಿ ರಾಗಿ ಕೇರುತ್ತಿದ್ದರೆ ಒರಳುಕಲ್ಲಿನ ಮೇಲೆ ಕೂತು ರಾಚಮ್ಮನ ಸಮಾಚಾರ ತೆಗೆಯುತ್ತಿದ್ದ.

"ರಾಚಮ್ಮ ಅಂತ ಒಬ್ಳು ಅವಳೆ ಕಣಮ್ಮಿ. ಗಂಡ ಸತ್ತವನೆ. ಎರಡು ಹಸ ಇಟ್ಕಂಡು ಒಬ್ಳೇ ಬದುಕ್ತಾವಳೆ."

"ಯಾವೂರು?"

"ದೂರ."

"ದೂರ ಅಂದ್ರೆ, ಮೊರಪ್ಪೂರಾ?"

"ಅದ್ಕಿಂತ ದೂರ. ಆ ಜನ ಮನೆಗೆ ಕರೆಂಟು ಎಳೆಸಾಕಿಲ್ಲ. ಬ್ಯಾಡ ಅಂದ್ಬುಟ್ಟವ್ರೆ. ಎಲ್ಲಿಗೋದ್ರೂ ಕುದುರೆ ಗಾಡಿ. ಹೆಂಗಸ್ರು ಕಪ್ಪು ಬಟ್ಟೆ ಉಡ್ತಾರೆ, ತಲೆ ಮ್ಯಾಲೆ ಬಟ್ಟೆ ಇಲ್ದೆ ಈಚೆ ಬರಾಕಿಲ್ಲ."

"ಅವಳ ತಲೆ ಬಟ್ಟೆ ಇಚಾರ ನಿಂಗೆಂಗೊತ್ತು?"

ಸಣ್ಣಯ್ಯ ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಂತ ಮೇಲೆ ಎದ್ದು ಹೋಗುತ್ತಿದ್ದ. ಮಿಕ್ಕದ್ದು ಮುಂದಿನ ಮಂಗಳವಾರ.

ಒಂದು ಮಂಗಳವಾರ ರಾಚಮ್ಮನ ಹುಲ್ಲಿನ ಕೊಟ್ಟಿಗೆಗೆ ಯಾರೋ ಬೆಂಕಿ ಇಟ್ಟರು ಎಂದ. ಇನ್ನೊಂದು ಮಂಗಳವಾರ, ಊರಿಗೆ ಊರೇ ಬಂದು ಒಂದೇ ದಿನದಲ್ಲಿ ಹೊಸ ಕೊಟ್ಟಿಗೆ ಎಬ್ಬಿಸಿದರು ಎಂದ. ಮತ್ತೊಂದು ಮಂಗಳವಾರ, ಅವಳ ಬಾಗಿಲ ಸಂದಿಯಲ್ಲಿ ಹೆಸರಿಲ್ಲದ ಕಾಗದ ಸಿಕ್ಕಿತು, ಜಾಗ ಬಿಟ್ಟು ಹೋಗು ಅಂತ ಬರೆದಿತ್ತು ಎಂದ.

"ಯಾರು ಇಕ್ಕಿರಬೌದು ಬೆಂಕಿ? ನೀನೇ ಯೋಳು."

"ಮೊದ್ಲು ನೀರು ತಂದೋನು ಯಾರು?"

"ಪಕ್ಕದ ಹೊಲದೋನು. ಒಳ್ಳೇವನು. ಕೊಡ ಹೊತ್ಕಂಡು ಓಡಿ ಬಂದ."

"ಅವನೇ."

"ನೀರು ತಂದೋನೇ ಬೆಂಕಿ ಇಕ್ಕದನಾ?"

"ಬೆಂಕಿ ಕಾಣೋಕೆ ಮುಂಚೇನೆ ಕೊಡ ತುಂಬ್ಸಿ ಇಟ್ಟಿರೋನು ಇನ್ಯಾರು?"

ಸಣ್ಣಯ್ಯ ಒರಳುಕಲ್ಲಿನ ಮೇಲೆ ಅವಳ ಕಡೆಗೆ ಇನ್ನಷ್ಟು ಬಾಗಿ ಕೂತ. ಪರಸ್ಥಳದ ಹೆಂಗಸಿನ ಕೊಟ್ಟಿಗೆ ಸುಟ್ಟರೆ ಇವನಿಗೇನು ಸಂಕಟ ಎಂದು ಮುನಿಲಕ್ಷ್ಮಿ ಒಳಗೊಳಗೇ ಉರಿದಳು. ಆದರೆ ಎದ್ದು ಹೋಗಲಿಲ್ಲ. ಪೂರ್ತಿ ಕೇಳಿಸಿಕೊಂಡರೆ ಅಲ್ಲವೇ ಎಲ್ಲಿ ತಪ್ಪುತ್ತಾನೆ ಎಂದು ಗೊತ್ತಾಗುವುದು?

ಭಾವನ ಹೆಂಡತಿ ಗುಂಡಮ್ಮ ಸುಮ್ಮನಿರುವ ಪೈಕಿಯಲ್ಲ. "ಮಂಗಳವಾರ ಬಂದ್ರೆ ನಿನ್ ಗಂಡ ತಲೆಗೆ ಎಣ್ಣೆ ಆಕ್ಕಂಡು ಓಯ್ತಾನೆ. ಮಾತ್ರೆ ನುಂಗಾಕೆ ಕ್ರಾಪು ಯಾಕಮ್ಮಿ?" ಎಂದು ಬೇಲಿಯ ಆ ಕಡೆಯಿಂದಲೇ ಕೇಳುತ್ತಿದ್ದಳು.

ಮಾತ್ರೆಗೆ ಕೆಮ್ಮು ಬಗ್ಗಲಿಲ್ಲ. ತೊಂಬತ್ತೆಂಟರ ಬೇಸಿಗೆ ಶುರುವಾಗುವಾಗ ಸಣ್ಣಯ್ಯ ಹೋದ.

ಒಂದು ತಿಂಗಳು ಕಳೆದ ಮೇಲೆ ಮುನಿಲಕ್ಷ್ಮಿ ಅವನ ಆಸ್ಪತ್ರೆ ಚೀಲ ಬಿಚ್ಚಿದಳು. ಎದೆಯ ಎಕ್ಸ್‌ರೇ, ಮಾತ್ರೆ ಚೀಟಿ, ಕಂಬಳಿ ತುಂಡಿನಲ್ಲಿ ಸುತ್ತಿದ ಒಂದು ಉದ್ದನೆಯ ನೋಟುಬುಕ್ಕು. ಒಳಗೆಲ್ಲ ನೀಲಿ ಇಂಕು, ತಮಿಳು, ದುಂಡು ಅಕ್ಷರ. ಮುನಿಲಕ್ಷ್ಮಿ ಎರಡನೇ ಕ್ಲಾಸಿಗೇ ಇಸ್ಕೂಲು ಬಿಟ್ಟವಳು. ಓದಲು ಬಾರದು. ಆದರೆ ಅದು ಹೆಂಗಸಿನ ಕೈ ಎಂದು ತಿಳಿಯಲು ಓದು ಬೇಕಿರಲಿಲ್ಲ.

ಒಂಬತ್ತನೇ ಕ್ಲಾಸಿನ ಮಗಳು ಶಾಂತಿಯನ್ನು ಕೂರಿಸಿ ಓದಿಸಿದಳು. ರಾಗೇಲ್ ಎಂಬ ಹೆಂಗಸು. ಗಂಡ ಸತ್ತವಳು. ಕಪ್ಪು ಬಟ್ಟೆ, ಎರಡು ಹಸು, ಕುದುರೆ ಗಾಡಿ.

"ಸಾಕು ನಿಲ್ಸು," ಎಂದಳು ಮುನಿಲಕ್ಷ್ಮಿ. "ಇವಳೇ ಅವಳು. ಒಂದು ಬುಕ್ಕು ತುಂಬ ತನ್ ಬದುಕೆಲ್ಲ ಬರ್ದು ಕೊಟ್ಟವಳೆ."

"ಅವ್ವಾ, ಇದು ಕತೆ ಇದ್ದಂಗೈತೆ. ಮಧ್ಯೆ ಮಧ್ಯೆ ಯೇಸುಸಾಮಿ ಜಪ ಎಲ್ಲ ಬತ್ತದೆ."

"ಕತೆ ಅಂತ ಬರೆದ್ರೆ ಸಿಕ್ಕಾಕಳಾಕಿಲ್ಲ ಅಂತ ಅವಳಿಗೂ ಗೊತ್ತಿರತದೆ."

ಜಪದ ಮಾತು ಬೇಲಿ ದಾಟಿ ಗುಂಡಮ್ಮನ ಕಿವಿಗೂ ಬಿತ್ತು. "ಮಿಷನ್ ಆಸ್ಪತ್ರೇಲಿ ಬುಕ್ಕು ಕೊಟ್ಟು ಜಾತಿ ತಿರುಗಿಸ್ತಾರಂತೆ. ನಿನ್ ಗಂಡ ಯಾವ ಸಾಮಿ ಕಡೆ ಓದ್ನೋ ಏನೋ," ಎಂದಳು. ಮುನಿಲಕ್ಷ್ಮಿಗೆ ಅವನು ಯಾವ ಸಾಮಿಯ ಕಡೆ ಹೋದರೂ ಬೇಕಾಗಿರಲಿಲ್ಲ. ಯಾವ ಹೆಂಗಸಿನ ಕಡೆ ಹೋದ ಎಂಬುದು ಬೇಕಿತ್ತು.

ಹಾಳೆ ತಿರುಗಿಸುವಾಗ ಇನ್ನೊಂದು ಕಂಡಿತು. ಅಲ್ಲಲ್ಲಿ ಹಾಳೆಗಳ ಮೂಲೆಯನ್ನು ಬ್ಲೇಡಿನಿಂದ ಕತ್ತರಿಸಿತ್ತು. ತುದಿಯಲ್ಲಿ ಒಂದು ಸೀಳು, ಅದರ ಕೆಳಗೆ ಅರ್ಧಚಂದ್ರದ ಕಚ್ಚು. ಆ ಕಚ್ಚನ್ನು ಅವಳು ನಿದ್ದೆಯಲ್ಲೂ ಗುರುತು ಹಿಡಿಯುತ್ತಿದ್ದಳು. ಅವರ ಮನೆಯ ಕುರಿಗಳ ಎಡಗಿವಿಗೆ ಹಾಕುವ ಕಚ್ಚು ಅದು. ಕಾಡಿನಲ್ಲಿ ನಾಲ್ಕು ಮಂದೆ ಕಲೆತರೂ ಕಿವಿ ನೋಡಿ ನಮ್ಮದು ಎಂದು ಎಳೆದುಕೊಂಡು ಬರುತ್ತಾರೆ. ಮನೆಯದಲ್ಲದ್ದಕ್ಕೆ ಆ ಕಚ್ಚು ಬೀಳುವುದಿಲ್ಲ.

ಆ ಹೆಂಗಸಿನ ಕಾಗದಕ್ಕೆ ನಮ್ಮ ಮಂದೆಯ ಕಚ್ಚು ಹಾಕಿದ್ದಾನೆ. ಮುನಿಲಕ್ಷ್ಮಿ ನೋಟುಬುಕ್ಕು ಮುಚ್ಚಿದಳು.

ಮಂಗಳವಾರ ಶಾಂತಿಗೆ ಒಂದು ದಿನದ ಇಸ್ಕೂಲು ತಪ್ಪಿಸಿ ಜೊತೆಗೆ ಕರೆದುಕೊಂಡು ಧರ್ಮಪುರಿಗೆ ಹೋದಳು. ಬಸ್ಸಿನಲ್ಲಿ ನೋಟುಬುಕ್ಕನ್ನು ಸೆರಗಿನೊಳಗೆ ಒತ್ತಿ ಹಿಡಿದಿದ್ದಳು. ಕಂಡಕ್ಟರ್ "ಎಲ್ಲಿಗಮ್ಮಾ?" ಎಂದು ಕೇಳಿದ್ದಕ್ಕೂ, ಇವನಿಗೂ ವಿಷಯ ಗೊತ್ತಿರಬೇಕು ಎಂದು ಅವನ ಮುಖ ದಿಟ್ಟಿಸಿದಳು.

ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಕೋಣೆಯ ಹೊರಗೆ ಉದ್ದನೆಯ ಜಗಲಿ. ಹದಿನೈದಿಪ್ಪತ್ತು ಜನ ಬೆಂಚಿನ ಮೇಲೆ ಕಾಯುತ್ತಿದ್ದರು. ಮೂಲೆಯಲ್ಲಿ ಒಂದು ಕಬ್ಬಿಣದ ಬೀರು, ಅದರ ಪಕ್ಕ ದಪ್ಪ ಕನ್ನಡಕದ ಮುದುಕಿ. ಎಪ್ಪತ್ತರ ಮೇಲಿರಬಹುದು. ಬಿಳಿ ಸೀರೆ, ಬೆರಳಲ್ಲಿ ನೀಲಿ ಇಂಕು. ಎಸ್ತರ್ ಟೀಚರ್ ಎಂದು ಕರೆಯುತ್ತಿದ್ದರು.

ಮುನಿಲಕ್ಷ್ಮಿ ನೋಟುಬುಕ್ಕು ಮುಂದೆ ಇಟ್ಟು, "ಇದು ಬರ್ದೋಳು ಯಾರು?" ಎಂದು ತಮಿಳಿನಲ್ಲಿ ಕೇಳಿದಳು.

"ನಾನೇ," ಎಂದರು ಟೀಚರ್.

ಮುನಿಲಕ್ಷ್ಮಿ ಅವರನ್ನು ಮೇಲಿಂದ ಕೆಳಕ್ಕೆ ನೋಡಿದಳು. "ನಿಮಗೆ ಮಗಳು ಯಾರಾದ್ರೂ ಅವಳಾ?"

"ಇಲ್ಲಮ್ಮ. ನಾನು ಮದುವೆಯೇ ಆಗಲಿಲ್ಲ."

"ರಾಚಮ್ಮ ಎಲ್ಲಿ?"

ಟೀಚರಿಗೆ ತಿಳಿಯಲಿಲ್ಲ. ಆದರೆ ಬೆಂಚಿನ ತುದಿಯಲ್ಲಿದ್ದ ಒಬ್ಬ ಸಣಕಲ ಮನುಷ್ಯ ಎದ್ದು ಬಂದ. ಪಳನಿಸ್ವಾಮಿ ಎಂದು ಹೆಸರು, ಕೊಳತ್ತೂರಿನ ಕಡೆಯವನು, ಕನ್ನಡ ಬರುತ್ತಿತ್ತು. "ಯವ್ವಾ, ನೀನು ಸಣ್ಣಯ್ಯನ ಮನೆಯೋಳಾ? ಕೊಡ ತಂದೋನ ಮ್ಯಾಲೆ ಅನುಮಾನ ಪಟ್ಟೋಳು?"

ಬೆಂಚಿನವರೆಲ್ಲ ಈ ಕಡೆ ತಿರುಗಿದರು. ಒಬ್ಬಾಕೆ, "ಅವಂಗಳೇತಾನಾ?" ಎಂದು ತಮಿಳಿನಲ್ಲಿ ಕೇಳಿ, ಅವಳೇ ಎಂದು ಗೊತ್ತಾಗಿ ಕೂರಲು ಜಾಗ ಬಿಟ್ಟಳು. ಮುನಿಲಕ್ಷ್ಮಿ ಕೂರಲಿಲ್ಲ. ಗುರುತಿಲ್ಲದ ಜನ ಗುರುತಿರುವವರಂತೆ ಮಾತಾಡಿದರೆ ಅವಳಿಗೆ ಅನುಮಾನ ಹುಟ್ಟುತ್ತದೆ.

ಟೀಚರ್ ನಿಧಾನವಾಗಿ ಹೇಳಿದರು. ಅವರ ತಂಗಿಯ ಮಗಳು ಅಮೆರಿಕದಲ್ಲಿ ನರ್ಸು. ಅಲ್ಲಿಂದ ಕ್ರಿಸ್ತರ ಕತೆಪುಸ್ತಕ ಕಳಿಸುತ್ತಾಳೆ. ಕರೆಂಟು, ಕಾರು ಬೇಡವೆಂದು ಬದುಕುವ ಜನ ಆ ದೇಶದಲ್ಲಿ ನಿಜವಾಗಿಯೂ ಇದ್ದಾರೆ. ಅವರ ಮದುವೆ, ಪ್ರೀತಿ ಕುರಿತ ಪುಸ್ತಕ ಕೆಲವು. ಕಳ್ಳತನ, ಕೊಲೆ ಇರುವವು ಕೆಲವು. ಮಾತ್ರೆಗೆ ಕಾಯುವವರಿಗೆ ಹೊತ್ತು ಹೋಗಲಿ ಎಂದು ಟೀಚರ್ ಅವನ್ನು ತಮಿಳಿಗೆ ಮಾಡಿ, ವಾರಕ್ಕೆ ಇಷ್ಟು ಎಂದು ಬರೆದು, ಮಂಗಳವಾರ ಜಗಲಿಯಲ್ಲಿ ಓದುತ್ತಾರೆ. ತುಂಬಿದ ಮೊದಲ ನೋಟುಬುಕ್ಕನ್ನು ಸಣ್ಣಯ್ಯ ಕೇಳಿ ಮನೆಗೆ ಒಯ್ದಿದ್ದ. ರಾಗೇಲ್ ಪುಸ್ತಕದಲ್ಲಿರುವವಳು. ಸಣ್ಣಯ್ಯನೇ ಅವಳನ್ನು ರಾಚಮ್ಮ ಮಾಡಿಕೊಂಡ.

"ಕತೆ ಅಂತ ನನ್ನತ್ರ ಯಾಕೆ ಯೋಳ್ಲಿಲ್ಲ?"

ಪಳನಿಸ್ವಾಮಿ ನಕ್ಕ. "ನಾವೂ ಕೇಳಿದ್ವಿ. ಕತೆ ಅಂದ್ರೆ ಅವಳು ಎದ್ದೋಗಿ ದೊಡ್ಡಿ ಗುಡಿಸ್ತಾಳೆ, ಹೆಂಗಸು ಅಂದ್ರೆ ಜಗಳ ಆಡ್ಕಂಡಾದ್ರೂ ಕೂತು ಪೂರ್ತಿ ಕೇಳ್ತಾಳೆ ಅಂದ. ನೀನು ಏನಂದೆ ಅಂತ ಬಂದು ನಮಗೆ ಯೋಳೋನು. ಕೊಡದ ಮಾತು ಯೋಳಿದ ದಿನ ಇಲ್ಲಿ ಎಲ್ರಿಗೂ ಜಗಳ."

ಒಳ್ಳೆ ಮಾತೇ. ಆದರೆ ಸತ್ತವನ ಪರವಾಗಿ ಹತ್ತು ಜನ ಸೇರಿ ಕಟ್ಟಿ ಹೇಳುವುದೂ ಉಂಟು. ಮುನಿಲಕ್ಷ್ಮಿ ಮೂಲೆಗೆ ಕಚ್ಚು ಹಾಕಿದ ಹಾಳೆ ತೋರಿಸಿದಳು. "ಇದ್ಯಾಕೆ?"

"ಬುಕ್ಕು ಹಾಳು ಮಾಡಬೇಡಪ್ಪ ಅಂತ ನಾನು ಬೈದೆ," ಎಂದರು ಟೀಚರ್. "ಈ ವಾರ ಮನೆಗೆ ಎಷ್ಟು ಹೇಳಬೇಕು ಅಂತ ಗುರುತು ಅಂದ. ಇಷ್ಟು ಮುನಿಲಕ್ಷ್ಮಿದು ಅಂದ."

ಮುನಿಲಕ್ಷ್ಮಿ ಅದನ್ನೂ ನಂಬಲಿಲ್ಲ. ಕುರಿ ನಮ್ಮದು ಎಂದು ಯಾರಾದರೂ ಹೇಳಿದರೆ ಕಿವಿ ಹಿಡಿದು ನೋಡಬೇಕು. "ಶಾಂತಿ, ಕಚ್ಚು ಇರೋ ತಾವು ಓದು. ಕಡೇ ಮಾತು ಮಾತ್ರ."

ಶಾಂತಿ ಒಂದು ಕಚ್ಚಿನಲ್ಲಿ ಓದಿದಳು. ಕೊಟ್ಟಿಗೆಯಿಂದ ಹೊಗೆ ಎದ್ದಿತು, ಅಲ್ಲಿಗೆ ನಿಂತಿತ್ತು. ಹೌದು. ಅವತ್ತು ಸಣ್ಣಯ್ಯ ಹೊಗೆ ಎಂದು ಹೇಳಿ ಎದ್ದು ಹೋಗಿದ್ದ, ಅವಳ ರಾಗಿ ಮೊರದಿಂದ ಚೆಲ್ಲಿತ್ತು. ಇನ್ನೊಂದರಲ್ಲಿ ಬಾಗಿಲ ಸಂದಿಯ ಕಾಗದ. ಅವತ್ತು ಕರಿ ಕುರಿ ಮರಿ ಹಾಕಿತ್ತು. ಮತ್ತೊಂದರಲ್ಲಿ ರಾಗೇಲಿನ ಮಾವ ಊಟ ಬಿಟ್ಟು ಎದ್ದ. ಅವತ್ತು ಅವಳು, ಅವನ ಮ್ಯಾಲೂ ನಂಗೆ ಅನುಮಾನ ಐತೆ ಅಂದಿದ್ದಳು. ಒಂದೊಂದು ಕಚ್ಚೂ ಸಣ್ಣಯ್ಯ ಒರಳುಕಲ್ಲಿನಿಂದ ಎದ್ದ ಜಾಗಕ್ಕೇ ಸರಿಯಾಗಿ ಬಿದ್ದಿತ್ತು.

ಅರವತ್ತಮೂರು ಕಚ್ಚು. ಎಲ್ಲ ಓದಿಸಿದಳು. ಮಾತ್ರೆಗೆ ಹೆಸರು ಕೂಗಿದರೂ ಬೆಂಚಿನವರು ಏಳಲಿಲ್ಲ.

ಕಡೆಗೆ ಅವಳು ಕೂತಳು. "ಬೆಂಕಿ ಇಕ್ಕಿದೋನು ಯಾರು? ನನ್ ಗಂಡಂಗೆ ಗೊತ್ತಾಯ್ತಾ?"

"ಇಲ್ಲಮ್ಮ. ಕೊನೆ ನಾನು ಬರೆದದ್ದು ಅವನು ಹೋದ ಮೇಲೆ," ಎಂದು ಟೀಚರ್ ಬೀರುವಿನಿಂದ ಎರಡನೇ ನೋಟುಬುಕ್ಕು ತೆಗೆದು ಅವಳ ಕೈಗೆ ಕೊಟ್ಟರು. ಪಳನಿಸ್ವಾಮಿ ಹೇಳಲು ಬಾಯಿ ತೆರೆದ. ಮುನಿಲಕ್ಷ್ಮಿ ಅವನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿದ.

ಮರುದಿನದಿಂದ ಇಸ್ಕೂಲಿನಿಂದ ಬಂದ ಮೇಲೆ ದಿನಾ ಶಾಂತಿ ಎರಡನೇ ಬುಕ್ಕು ಓದಿದಳು. ಮೊದಲ ದಿನ, ಜಪ ಬಂದಲ್ಲಿ ಬಿಟ್ಟು ಓದು ಎಂದಿದ್ದ ಮುನಿಲಕ್ಷ್ಮಿ ಮೂರನೇ ದಿನ, "ಅದನ್ನೂ ಓದು. ಕಣ್ಮುಚ್ಚಿ ಜೋರಾಗಿ ಜಪ ಮಾಡೋನು ಯಾರು ಅಂತ ನೋಡಬೇಕು," ಎಂದಳು. ಬೇಲಿಯ ಆ ಕಡೆ ಗುಂಡಮ್ಮನ ಪೊರಕೆ ಸದ್ದು ನಿಂತಿರುತ್ತಿತ್ತು. ಅವಳೂ ಕೇಳುತ್ತಿದ್ದಾಳೆ ಎಂದು ಗೊತ್ತಿದ್ದೇ ಮುನಿಲಕ್ಷ್ಮಿ, "ಮೆಲ್ಲಗೆ ಓದಮ್ಮಿ," ಎನ್ನುತ್ತಿದ್ದಳು.

ಭಾನುವಾರ ಮಧ್ಯಾಹ್ನ ಕತೆ ಮುಗಿಯಿತು. ಮುನಿಲಕ್ಷ್ಮಿ ನೋಟುಬುಕ್ಕು ಹಿಡಿದು, ಸಣ್ಣಯ್ಯನ ಬ್ಲೇಡು ತೆಗೆದುಕೊಂಡು, ಬಿಸಿಲಿನಲ್ಲಿ ಹೊಲದ ಅಂಚಿಗೆ ಹೋದಳು. ಅವನ ಮೇಲೆ ಹಾಕಿದ ಕಲ್ಲಿನ ಗುಡ್ಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಕೊಡ ತಂದೋನೇ," ಎಂದಳು. "ನಾ ಅವತ್ತೇ ಯೋಳಿದ್ದೆ. ಬೆಂಕಿ ಇಕ್ಕಿ, ನೀರು ತಂದು, ಒಳ್ಳೇವನಾಗಿ ಅವಳನ್ನ ಮದುವೆ ಆಗ್ಬೇಕು ಅಂತಿದ್ದ. ಕಾಗದಾನೂ ಅವನದೇ, ಹೆದ್ರಿ ತನ್ನ ಕಡೆ ಬರಲಿ ಅಂತ. ರಾಚಮ್ಮ ಅವನ್ನ ಮನ್ನಿಸ್ಬುಟ್ಟಳು. ಪೆದ್ದಿ. ನಾನಾಗಿದ್ರೆ ಬಿಡ್ತಿರ್ಲಿಲ್ಲ. ನಿನ್ನೂ ಬಿಡಾಕಿಲ್ಲ. ಒಂದೂವರೆ ವರ್ಸ ಸುಳ್ಳು ಯೋಳಿದೀಯ."

ದಾರಿಯಲ್ಲಿ ಬಸ್ಸು ನಿಂತು ಹೋಯಿತು. ಈ ಸಲ ಕತ್ತೆತ್ತಿ ನೋಡಲಿಲ್ಲ. ಅಳು ಬಂದದ್ದು ಆಗ. ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕಡೆಯ ಹಾಳೆ ಬಿಡಿಸಿ, ಅದರ ಮೂಲೆಗೆ ಬ್ಲೇಡು ಇಟ್ಟಳು. ತುದಿಯಲ್ಲಿ ಒಂದು ಸೀಳು, ಅದರ ಕೆಳಗೆ ಅರ್ಧಚಂದ್ರ.

"ಇಷ್ಟು ನಿಂದು," ಎಂದಳು.