ಗಟಾರದ ಮೇಲೆ ಹರವಿದ ಮೆಣಸಿನಕಾಯಿ

"ಇನ್ನೊಂದು ಚಮಚ ಶೀರಾ ಹಾಕ್ತೇನಿ, ಬ್ಯಾಡ ಅನಬ್ಯಾಡ್ರಿ ಅಕ್ಕಾರ. ಮನಿಯಾಗ ನಳ ಬಂದಿದ್ದ ನಿಮ್ಮಿಂದ!"

"ಸಾಕವ್ವಾ ಕುಲ್ಸುಮಾ, ಹೊಟ್ಟಿ ಒಡದು ಹೋದೀತು."

"ಒಡೀಲಿ ಬಿಡ್ರಿ, ಈಗ ನೀರಿಗೇನ ಬರ ಐತಿ, ತೊಳದ ಬಿಡೂಣು!"

ಕುಲ್ಸುಮಬಿ ನಕ್ಕಳು. ಗದಿಗೆವ್ವನೂ ನಕ್ಕಂತೆ ಮಾಡಿದಳು, ಆದರೆ ಹಿತ್ತಲ ಬಾಗಿಲಿಂದ ಗಟಾರದ ನಾತ ಬಂದಿದ್ದೇ ತಡ, ಬಾಯಿಗೆ ಒಯ್ದ ಚಮಚವನ್ನು ಮತ್ತೆ ತಟ್ಟೆಗೇ ಇಳಿಸಿದಳು.

ಬ್ಯಾಡಗಿ ಅಂಚಿನ ಆ ಬಡಾವಣೆಯಲ್ಲಿ ಗದಿಗೆವ್ವನನ್ನು ಅರಿಯದವರಿಲ್ಲ. ಗಂಡ ಬೀರಲಿಂಗಪ್ಪ ಬೆಳಗಾದರೆ ರಾಣೆಬೆನ್ನೂರಿನ ಬೀಜದ ಕಂಪನಿಗೆ ಬಸ್ಸು ಹತ್ತುತ್ತಿದ್ದ. ಇವಳು ಅಂಗಳದಲ್ಲಿ ಹೆಂಗಸರನ್ನು ಕೂಡಿಸಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಸೈಟು ಮಾರಿದ ಮಾಲಕನೇ ಬಡಾವಣೆಯನ್ನೂ ನೋಡಿಕೊಳ್ಳುತ್ತಿದ್ದ. ಅವನ ಮನಸ್ಸು ಬಂದರೆ ಬೋರಿನ ನೀರು, ಅವನ ಮನಸ್ಸು ಬಂದರೆ ಬೀದಿ ದೀಪ. ಪುರಸಭೆಯೇ ನಮ್ಮನ್ನು ವಹಿಸಿಕೊಳ್ಳಬೇಕು ಎಂದು ಮೊದಲು ಎದ್ದು ನಿಂತವಳು ಗದಿಗೆವ್ವ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಮನೆಮನೆ ತಿರುಗಿದಳು, ಹಾವೇರಿಯ ಕಚೇರಿಗೆ ಅಲೆದಳು, ಪುರಸಭೆ ಮುಂದೆ ಹೆಂಗಸರ ದಂಡು ಕಟ್ಟಿ ಖಾಲಿ ಕೊಡ ಬಾರಿಸಿದಳು. ಕಡೆಗೆ ೨೦೦೬ರ ಚಳಿಗಾಲದಲ್ಲಿ ಇಂಜಿನಿಯರ್ ನೋಡಲು ಬರುತ್ತಾರೆಂದು ಸುದ್ದಿ ಬಂತು. ರಸ್ತೆ, ಗಟಾರ ಎಲ್ಲ ಪೂರ್ತಿ ಆಗಿದ್ದರೆ ಮಾತ್ರ ಪುರಸಭೆ ಒಪ್ಪಿಕೊಳ್ಳುವುದು.

ಪೂರ್ತಿ ಆಗಿರಲಿಲ್ಲ. ಕಡೇ ಓಣಿಯಲ್ಲಿ, ಕುಲ್ಸುಮಬಿಯ ಹಿತ್ತಲ ಹಿಂದೆ, ಮಾಲಕ ಗಟಾರವನ್ನು ಅರ್ಧಕ್ಕೇ ಬಿಟ್ಟಿದ್ದ. ಕುಲ್ಸುಮಬಿ ಆಗ ತಂಗಿಯ ಬಾಣಂತನಕ್ಕೆ ಊರಿಗೆ ಹೋಗಿದ್ದಳು. ಗದಿಗೆವ್ವ ಗಟಾರ ನಿಂತುಹೋದ ಜಾಗದ ಮೇಲೆ ಹಲಗೆ ಇಟ್ಟಳು, ತಾಡಪಾಲು ಹೊದಿಸಿದಳು, ಅದರ ಮೇಲೆ ಕೆಂಪಗೆ ಮೆಣಸಿನಕಾಯಿ ಹರವಿದಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಹಾಕಿದ್ದನ್ನು ಕಂಡು ಯಾರು ಸಂಶಯಪಟ್ಟಾರು! ಇಂಜಿನಿಯರ್ ಹತ್ತಿರ ಬಂದಾಗ ಇವಳು ಕಾಯಿಯಲ್ಲಿ ಗರಗರ ಕೈಯಾಡಿಸಿದಳು. ಘಾಟು ಎದ್ದಿತು. ಆ ಮನುಷ್ಯ ಒಂದೇ ಸಮ ಸೀನಿ, ಕರವಸ್ತ್ರದೊಳಗಿಂದಲೇ, "ಎಲ್ಲಾ ಬರೊಬ್ಬರಿ ಐತಿ ತಾಯಿ" ಎಂದು ಜೀಪು ಹತ್ತಿದ.

ಬೇಸಿಗೆಗೆ ನಳ ಬಂತು. ಮಳೆಗಾಲಕ್ಕೆ ಓಣಿಯ ಹೊಲಸು ನೀರೆಲ್ಲ ಕುಲ್ಸುಮಬಿಯ ಹಿತ್ತಲಲ್ಲಿ ನಿಂತಿತು.

"ಆ ಇಂಜಿನಿಯರ್‌ಗ ಕಣ್ಣ ಇದ್ದಿಲ್ಲೇನ್ರಿ?" ಕುಲ್ಸುಮಬಿ ನಾತ ತಡೆಯಲು ಹಿತ್ತಲ ಬಾಗಿಲು ಮುಚ್ಚುತ್ತ ಬೈದಳು. "ಕುರುಡ! ಅವನ ಮನಿಯಾಗ ಇಂಥಾ ನೀರು ಹೊಕ್ಕರ ತಿಳೀತೈತಿ."

ಗದಿಗೆವ್ವ ತಟ್ಟೆ ಕೆಳಗಿಟ್ಟಳು. ಮಳೆ ಶುರುವಾದಾಗಿನಿಂದ ಆ ಬೈಗುಳ ಕೇಳುತ್ತಲೇ ಇದ್ದಳು. ಒಂದೊಂದೂ ದಾರಿ ತಪ್ಪದೆ ಬಂದು ಇವಳಿಗೇ ನಾಟುತ್ತಿತ್ತು.

"ಅಂವಾ ಕುರುಡ ಅಲ್ಲವ್ವಾ. ಅವನ ಕಣ್ಣ ಮುಚ್ಚಿದಾಕಿ ನಾನು." ಹಲಗೆ, ತಾಡಪಾಲು, ಘಾಟು, ಎಲ್ಲ ಹೇಳಿದಳು.

"ನನ್ನ ಹಿತ್ತಲ ಅಂತ ಗೊತ್ತಿದ್ದೂ?"

"ಗೊತ್ತಿದ್ದೂ. ಪುರಸಭೆ ತಗೊಂಡ ಮ್ಯಾಲ ಮೊದಲ ಇದನ್ನ ಮಾಡಿಸಿದ್ರಾತು ಅನಕೊಂಡೆ. ಈಗ ಕೇಳಿದ್ರ, ಗಟಾರ ಪೂರ್ತಿ ಆಗೇತಲ್ಲ ಅಂತಾರ. ಖರೇ ಹೇಳಬೇಕಂತ ಈ ವಾರ ಎರಡ ಸಲ ಹೋದೆ. ಬಾಗಲಾ ತನಕ ಹೋಗಿ ಹೊಳ್ಳಿ ಬಂದೆ. ಸಿಟ್ಟಿಗೆದ್ದು ಬಡಾವಣಿನ ಮಾಲಕಗ ವಾಪಸ್ ಮಾಡಿದ್ರ? ಎಲ್ಲಾರ ನಳ ಬಂದ್ ಆದ್ರ?"

ಕುಲ್ಸುಮಬಿ ಮುಚ್ಚಿದ ಬಾಗಿಲನ್ನು ಮತ್ತೆ ತೆರೆದು ಹಿತ್ತಲ ನೀರು ನೋಡಿದಳು. ಬೈದಿದ್ದರೆ ಗದಿಗೆವ್ವನ ಜೀವ ಎಷ್ಟೋ ಹಗುರಾಗುತ್ತಿತ್ತು.

"ನನಗೊಂದ ಮಾತ ಹೇಳಿದ್ರ ನಾನ ಬುಟ್ಟಿ ಹೊತ್ತು ತಂದು ಹರವ್ತಿದ್ದೆ. ನೀರು ನನಗ ಬ್ಯಾಡಾಗಿತ್ತೇನ್ರಿ? ಕೇಳಲಿಲ್ಲಲಾ, ಅದ ಮನಸ್ಸಿಗೆ ಹತ್ತೇತಿ ನನಗ."

"ತಪ್ಪಾತವ್ವಾ."

"ನನ್ನ ಮುಂದ ಹೇಳಿದ್ರ ಗಟಾರ ಮುಂದ ಹರೀತೈತೇನು? ಬರೂ ಸೋಮವಾರ ಮತ್ತ ಪುರಸಭೆಗೆ ಹೋಗೂಣು. ನಾನೂ ಬರ್ತೇನಿ. ನೀವ ಬಾಗಲದಾಗ ಹೊಳ್ಳಿದ್ರ, ಹಿಂದಿಂದ ನೂಕಾಕ ಒಬ್ಬಾಕಿ ಬೇಕಲ್ಲ?"

"ಮುಂಜಾನಿ ಲಗೂನ ಹೋಗೂಣೇನು?"

"ಲಗೂ ಬ್ಯಾಡ್ರಿ. ಸಾಹೇಬ್ರು ಚಾ ಕುಡದ ಮ್ಯಾಲ."